ಪ್ಲಗಿನ್ನಿಗೂ ಉಪಕರಣಕ್ಕೂ ಇರುವ ಕರಾರು

ದುಡಿಮೆ ಮುಗಿಸಿ ಸಂಜೆಯ ವರ್ಗಗಳಲ್ಲಿ ಗಣಕದ ಕೆಲಸ ಕಲಿಯುವ ನಮ್ಮ ತರುಣರಿಗೆ ಬೇಗನೆ ಎದುರಾಗುವ ತೊಡಕೊಂದಿದೆ. ಒಬ್ಬರ ಗಣಕದಲ್ಲಿ ಸರಿಯಾಗಿ ನಡೆದ ಕೆಲಸ ಇನ್ನೊಬ್ಬರ ಗಣಕದಲ್ಲಿ ನಿಂತುಹೋಗುತ್ತದೆ. ಅನೇಕ ಸಲ ಇದಕ್ಕೆ ಕಾರಣ ಆವೃತ್ತಿಗಳ ಹೊಂದಿಕೆ ತಪ್ಪಿರುವುದೇ. ಈ ಹೊಂದಿಕೆಯ ನಿಯಮವನ್ನು ಹೇಗೆ ಬರೆಯಬೇಕೆಂಬುದನ್ನು ಇಲ್ಲಿ ತಿಳಿಸಲು ಯತ್ನಿಸಿದೆ.

ಜಾವಾ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಪರಿವರ್ತಿಸಿ, ಪರೀಕ್ಷಿಸಿ, ಒಂದು ಕಟ್ಟಾಗಿ ಒದಗಿಸುವ ಉಪಕರಣಗಳಲ್ಲಿ ಮೇವೆನ್ ಒಂದು. ಇದರ 1.0 ಆವೃತ್ತಿ 2004ರಲ್ಲಿಯೂ, 3.0 ಆವೃತ್ತಿ 2010ರಲ್ಲಿಯೂ ಹೊರಬಂದವು. ಮೇವೆನ್ ತಾನಾಗಿ ಮಾಡುವುದು ಸ್ವಲ್ಪ. ಒಂದೊಂದು ಕೆಲಸಕ್ಕೂ ಒಂದೊಂದು ಪ್ಲಗಿನ್ ಬೇಕು. ಮಗ್ಗಕ್ಕೆ ಲಾಳಿ ಹೇಗೋ ಮೇವೆನ್ನಿಗೆ ಪ್ಲಗಿನ್ ಹಾಗೆ. ಅಳತೆ ಹೊಂದದ ಲಾಳಿ ಹಾಕಿದರೆ ನೂಲು ಹರಿಯುವುದು ಖಂಡಿತ.

ಆವೃತ್ತಿಯ ಅಂಕೆಗೆ ಸಾಮಾನ್ಯವಾಗಿ ಮೂರು ಭಾಗಗಳು. ಮೊದಲನೆಯದು ಬದಲಾದರೆ ಹಳೆಯದರೊಡನೆ ಹೊಂದಿಕೆ ತಪ್ಪಬಹುದು. ನಡುವಿನದು ಬದಲಾದರೆ ಹೊಸ ಸೌಲಭ್ಯ ಸೇರಿದೆ. ಕೊನೆಯದು ಬದಲಾದರೆ ದೋಷ ತಿದ್ದಿದೆ ಎಂಬುದು ರೂಢಿ. ಇದು ರೂಢಿಯೇ ಹೊರತು ಎಲ್ಲರೂ ಪಾಲಿಸುವ ಕಾನೂನಲ್ಲ. ಇಲ್ಲಿಯ ಚುಕ್ಕೆ ದಶಮಾಂಶದ ಚುಕ್ಕೆಯೂ ಅಲ್ಲ. ಪೈಥಾನ್ ಭಾಷೆಯ 3.9 ಆವೃತ್ತಿ 2020ರಲ್ಲಿ, 3.10 ಆವೃತ್ತಿ 2021ರಲ್ಲಿ ಬಂದವು. ಲೆಕ್ಕದ ಪುಸ್ತಕದಂತೆ ನೋಡಿದರೆ 3.10 ಚಿಕ್ಕದು, ಆವೃತ್ತಿಯಾಗಿ ನೋಡಿದರೆ ಅದೇ ದೊಡ್ಡದು. ಆದ್ದರಿಂದ ಪ್ರತಿ ಭಾಗವನ್ನೂ ಬೇರೆ ಬೇರೆ ಅಂಕೆಯಾಗಿ ಹೋಲಿಸಬೇಕು.

ನಿಯಮಗಳನ್ನು ಪರಿಶೀಲಿಸಲು ಮೇವೆನ್ನಿನಲ್ಲಿ ಎನ್‌ಫೋರ್ಸರ್ ಎಂಬ ಪ್ಲಗಿನ್ ಇದೆ. ಅದರಲ್ಲಿ ಬರಿದೆ 3.6.3 ಎಂದು ಬರೆದರೆ 'ಅದು ಅಥವಾ ಅದಕ್ಕಿಂತ ಹೊಸದು' ಎಂದರ್ಥ. [3.6.3] ಎಂದರೆ ಅದೊಂದೇ, ಬೇರೆ ಯಾವುದೂ ಸಲ್ಲದು. [3.6.3,4.0) ಎಂದರೆ 3.6.3 ಸೇರಿ, 4.0ಕ್ಕಿಂತ ಕೆಳಗೆ. ಚೌಕ ಆವರಣ ಅಂಚಿನ ಅಂಕೆಯನ್ನು ಒಳಗೊಳ್ಳುತ್ತದೆ; ದುಂಡು ಆವರಣ ಹೊರಗಿಡುತ್ತದೆ. ಒಂದು ಗೆರೆಯ ವ್ಯತ್ಯಾಸದಿಂದ ಅರ್ಥವೇ ಬೇರೆಯಾಗುತ್ತದೆ.

ಹಾಗಾದರೆ ಯಾವುದನ್ನು ಬರೆಯಬೇಕು? ಕನಿಷ್ಠ ಮಿತಿಯನ್ನು ತಪ್ಪದೆ ಬರೆಯಬೇಕು. ಆದರೆ ಪ್ಲಗಿನ್ ಬರೆದವನ ಮೇಜಿನ ಮೇಲಿರುವ ಆವೃತ್ತಿಯೇ ಕನಿಷ್ಠವೆಂದು ತಿಳಿಯಬಾರದು. ಪರೀಕ್ಷಿಸಿ, ಸರಿಯಾಗಿ ನಡೆಯುವುದೆಂದು ಕಂಡ ಅತಿ ಹಳೆಯ ಆವೃತ್ತಿಯೇ ಕನಿಷ್ಠ. ಅನಾವಶ್ಯಕವಾಗಿ ಹೊಸದನ್ನು ಕೇಳಿದರೆ ಹಳೆಯ ಗಣಕದಲ್ಲಿ ದುಡಿಯುವವನು ಹೊರಗುಳಿಯುತ್ತಾನೆ. ಪರೀಕ್ಷಿಸದೆ ಹಳೆಯದನ್ನು ಹೇಳಿದರೆ ಅದು ಸುಳ್ಳು ಭರವಸೆ.

ಗರಿಷ್ಠ ಮಿತಿಯ ವಿಷಯದಲ್ಲಿ ಕೈ ಬಿಗಿಹಿಡಿಯಬೇಕು. ಮುಂದೆ ಬರುವುದು ಹೊಂದದೆಂದು ಇಂದೇ ಹೇಳುವುದು ಬರಿಯ ಊಹೆ. ಹೊಂದದೆಂದು ನೋಡಿ ತಿಳಿದಾಗ ಮಾತ್ರ ಮಿತಿ ಹಾಕುವುದು ಲೇಸು. ಒಂದೇ ಆವೃತ್ತಿಗೆ ಕಟ್ಟಿಹಾಕುವುದರಿಂದ ಎಲ್ಲರಿಗೂ ಒಂದೇ ಫಲಿತಾಂಶ ದೊರೆಯುತ್ತದೆ, ನಿಜ; ಆದರೆ ತಿದ್ದುಪಡಿಗಳು ತಾವಾಗಿ ಒಳಗೆ ಬರಲಾರವು. 2021ರ ಡಿಸೆಂಬರಿನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಸಾಮಗ್ರಿಯಲ್ಲಿ ಭಾರಿ ಅಪಾಯದ ದೋಷವೊಂದು ಬಯಲಾಯಿತು. ಅದೇ ತಿಂಗಳು 2.15.0, 2.16.0, 2.17.0 ಎಂದು ಒಂದರ ಹಿಂದೊಂದು ತಿದ್ದುಪಡಿ ಬಂದವು. ಹಳೆಯ ಅಂಕೆಯನ್ನು ಬರೆದಿಟ್ಟವರು ಪ್ರತಿ ಸಲವೂ ಅದನ್ನು ಹುಡುಕಿ ಬದಲಿಸಬೇಕಾಯಿತು. ಕಟ್ಟಿಹಾಕಿದವನು ಕಾವಲನ್ನೂ ಕಾಯಬೇಕು.

ಕೊನೆಯದಾಗಿ, ನಿಯಮ ಮುರಿದಾಗ ಬರುವ ಸೂಚನೆ. 'ಆವೃತ್ತಿ ಸರಿಯಿಲ್ಲ' ಎಂದಷ್ಟೇ ಹೇಳಿದರೆ ಸಾಲದು. ಬೇಕಾದದ್ದು ಯಾವುದು, ಇರುವುದು ಯಾವುದು, ಏನು ಮಾಡಬೇಕು, ಈ ಮೂರೂ ಕೆಲಸದ ಆರಂಭದಲ್ಲಿಯೇ ಕಾಣಿಸಬೇಕು. ರಾತ್ರಿ ಪಾಳಿಯಲ್ಲಿ ಒಬ್ಬನೇ ಕುಳಿತ ಹೊಸ ನೌಕರನಿಗೆ ಕೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆ ಹೊತ್ತಿನಲ್ಲಿ ಅವನಿಗೆ ಮೇಸ್ತ್ರಿಯೂ ಗುರುವೂ ಆ ಎರಡು ಸಾಲುಗಳೇ.