ಮನಸ್ಸಾಕ್ಷಿ: ನಮ್ಮೊಳಗಿನ ತಕ್ಕಡಿ



ವಾರದ ಸಭೆ ಮುಗಿದ ಮೇಲೆ ಉಳಿತಾಯದ ಹಣ ಎಣಿಸುವಾಗ, ಪುಸ್ತಕದಲ್ಲಿ ಬರೆದದ್ದಕ್ಕಿಂತ 100 ರೂಪಾಯಿ ಹೆಚ್ಚು ಬಂತು ಅಂತ ಇಟ್ಟುಕೊಳ್ಳೋಣ. ಎಲ್ಲರೂ ಮನೆಗೆ ಹೋಗ್ಯಾರ, ನೋಡುವವರಿಲ್ಲ. ಆಗ 'ಇದು ನಂದಲ್ಲ' ಅಂತ ಒಳಗೊಂದು ಮಾತು ಬರ್ತದಲ್ಲಾ, ಅದೇ ಮನಸ್ಸಾಕ್ಷಿ. ಪೊಲೀಸರಿಗೆ ಅಂಜುವುದು ಬೇರೆ, ಮಂದಿಗೆ ನಾಚುವುದು ಬೇರೆ. ಯಾರೂ ನೋಡದಿದ್ದರೂ ನಮ್ಮ ಕೆಲಸವನ್ನು ನಾವೇ ತೂಗಿ ನೋಡುವುದು ಮನಸ್ಸಾಕ್ಷಿ.

12ನೇ ಶತಮಾನದಲ್ಲಿ ಕಲ್ಯಾಣದಲ್ಲಿದ್ದ, ಅಂದರೆ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿದ್ದ, ಶರಣೆ ಆಯ್ದಕ್ಕಿ ಲಕ್ಕಮ್ಮನವರ ಕಥೆ ನೀವು ಕೇಳಿರುತ್ತೀರಿ. ಗಂಡ ಮಾರಯ್ಯನವರು ಬಸವಣ್ಣನವರ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ತಂದರು. ಕದ್ದದ್ದಲ್ಲ, ನೆಲಕ್ಕೆ ಬಿದ್ದದ್ದೇ. ಆದರೂ ಬೇಕಾದಷ್ಟಕ್ಕಿಂತ ಹೆಚ್ಚಿನದನ್ನು ಅಲ್ಲೇ ಸುರಿದು ಬರಲು ಲಕ್ಕಮ್ಮನವರು ಹೇಳಿದರಂತೆ. ಬಡತನವಿತ್ತು, ಆದರೆ ಅವರ ತಕ್ಕಡಿ ಬಾಗಲಿಲ್ಲ.

ಆದರೆ ತಕ್ಕಡಿಯೇ ಕೆಟ್ಟಿದ್ದರೆ? ತೊಗರಿ ಮಾರುವಾಗ ತಪ್ಪು ಕಲ್ಲಿಟ್ಟು ತೂಗಿದರೆ ನಷ್ಟ ನಮಗೇ. ಮನಸ್ಸಿಂದೂ ಹಂಗೇ. ಗಂಡನಿಗಿಂತ ಮೊದಲು ಉಂಡರೆ, ಸಭೆಯಿಂದ ಮನೆಗೆ ತಡವಾಗಿ ಹೋದರೆ, ಪಾಪ ಮಾಡಿದೆ ಅಂತ ಕೊರಗುತ್ತೇವೆ. ಸಂಘದಲ್ಲಿ ಒಬ್ಬ ಅಕ್ಕನಿಗೆ ಜಾತಿ ನೋಡಿ ಬೇರೆ ಲೋಟದಲ್ಲಿ ಚಹಾ ಕೊಟ್ಟರೆ ಮಾತ್ರ ಮನಸ್ಸು ಚುಚ್ಚುವುದಿಲ್ಲ. ಮೊದಲನೆಯದು ತಪ್ಪೇ ಅಲ್ಲ. ಎರಡನೆಯದು ಅಸ್ಪೃಶ್ಯತೆ, ಅದನ್ನು ನಮ್ಮ ಸಂವಿಧಾನದ 17ನೇ ವಿಧಿ ನಿಷೇಧಿಸಿದೆ. ಇಲ್ಲಿ ರೂಢಿ ನಮ್ಮ ತಕ್ಕಡಿಯನ್ನು ಕೆಡಿಸಿದೆ. ಮನಸ್ಸು ಚುಚ್ಚಲಿಲ್ಲ ಅಂದರೆ ತಪ್ಪಿಲ್ಲ ಅಂತಲ್ಲ.

ನಾವೂ ಎಡವಿದ್ದೇವೆ. ಕಂತು ಕಟ್ಟದ ಒಬ್ಬ ಸಹೋದರಿಯನ್ನು ಒಮ್ಮೆ ಎಲ್ಲರ ಮುಂದೆ ಗದರಿಸಿದೆವು. ನಿಯಮ ಪಾಲಿಸಿದೆವು ಅಂದುಕೊಂಡೆವು. ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ ಅವರ ಮನೆಗೆ ಹೋದಾಗ ಮಗು ಜ್ವರದಿಂದ ಮಲಗಿತ್ತು, ಕಂತಿನ ದುಡ್ಡು ಔಷಧಕ್ಕೆ ಹೋಗಿತ್ತು. ಕ್ಷಮೆ ಕೇಳಿದೆವು. ಎಲ್ಲರ ಮುಂದೆ ಗದರಿಸಿದ್ದಕ್ಕೆ ಮುಂದಿನ ಸಭೆಯಲ್ಲಿ ಎಲ್ಲರ ಮುಂದೆಯೇ ಮತ್ತೊಮ್ಮೆ ಕೇಳಿದೆವು.

ತಕ್ಕಡಿ ಸರಿ ಇದೆಯೇ ಎಂದು ತಿಳಿಯಲು ಮೂರು ಪ್ರಶ್ನೆ ಕೇಳಿಕೊಳ್ಳೋಣ:

1. ಈ ಕೆಲಸವನ್ನು ಸಭೆಯಲ್ಲಿ ಎಲ್ಲರ ಮುಂದೆ ಹೇಳಬಲ್ಲೆನೇ?
2. ಇದನ್ನೇ ನನಗೆ ಯಾರಾದರೂ ಮಾಡಿದ್ದರೆ ಒಪ್ಪುತ್ತಿದ್ದೆನೇ?
3. ಇದರಿಂದ ನೋವು, ನಷ್ಟ ಯಾರಿಗೆ?

ತಪ್ಪು ಕಂಡರೆ ಕೊರಗುತ್ತಾ ಕೂರುವುದು ಬೇಡ, ತಿದ್ದಿಕೊಳ್ಳೋಣ. ಆ 100 ರೂಪಾಯಿ ಯಾರದೆಂದು ಮುಂದಿನ ಸಭೆಯಲ್ಲಿ ಕೇಳಿ ಪುಸ್ತಕದಲ್ಲಿ ಬರೆಯಿರಿ. ಚಹಾದ ಲೋಟಗಳನ್ನೂ ಅಂದೇ ಒಂದು ಮಾಡಿರಿ.