ಗಡಿಯಾಚೆಯ ಉಳಿತಾಯ

ವಾಡಿಯಿಂದ ಹೊರಟ ರೈಲು ಚಿತ್ತಾಪುರ, ಸೇಡಂಗಳನ್ನು ಹಾದು ತಾಂಡೂರನ್ನು ಮುಟ್ಟುತ್ತದೆ. ಒಂದು ಕಾಲಕ್ಕೆ ತಾಂಡೂರೂ ಗುಲ್ಬರ್ಗಾ ಜಿಲ್ಲೆಯದೇ ತಾಲ್ಲೂಕು. 1956ರ ನವೆಂಬರ್ 1ರಂದು ನಡುವೆ ರಾಜ್ಯದ ಗಡಿ ಬಿದ್ದಿತು. ಸರಕಾರಗಳು ಎರಡು, ಮಾರಾಟ ತೆರಿಗೆಗಳೂ ಎರಡು! ಎಲ್ಲಿ ಕೊಂಡರೆ ನಾಲ್ಕು ಕಾಸು ಉಳಿದೀತೆಂಬ ಲೆಕ್ಕಕ್ಕೆ ಎಡೆಯಾಯಿತು.

2017ರ ಜುಲೈ 1ರಂದು ಜಿ.ಎಸ್.ಟಿ. ಬಂದಿತು. ಸೇಡಂ, ಚಿಂಚೋಳಿಗಳಲ್ಲಿ ಕೊಂಡ ಸೀರೆಗೂ ತಾಂಡೂರಿನ ಸೀರೆಗೂ, ಶಹಾಬಾದಿನ ಕಲ್ಲಿಗೂ ತಾಂಡೂರಿನ ಕಲ್ಲಿಗೂ ತೆರಿಗೆಯ ದರ ಒಂದೇ ಆಯಿತು. ಹೊರಗುಳಿದವು ಪೆಟ್ರೋಲು, ಡೀಸೆಲು, ಮದ್ಯಗಳು. ಪೆಟ್ರೋಲಿನ ಮೇಲೆ ತೆಲಂಗಾಣದ ತೆರಿಗೆ ಹೆಚ್ಚು. ಉಳಿತಾಯವೇನಿದ್ದರೂ ಕರ್ನಾಟಕದ ಕಡೆಗೆ.

ಲೀಟರಿಗೆ 5 ರೂಪಾಯಿ ಉಳಿಯಿತೆನ್ನೋಣ. 10 ಲೀಟರಿಗೆ 50. ಹೋಗಿಬರಲು ಅರ್ಧ ಲೀಟರು ಉರಿದರೆ ಅದೂ ಮುಗಿಯಿತು! ಬೇರೆ ಕೆಲಸಕ್ಕೆ ಬಂದವನಿಗೆ ಲಾಭ. ಲಾಭಕ್ಕೆಂದೇ ಹೊರಟವನಿಗೆ ಬರಿಯ ಪ್ರಯಾಣ.