ತಾತಗುಣಿಯ ದೇವಿಕಾ ರಾಣಿ: ತೆರೆಯ ಮೇಲೆ ಹತ್ತು ವರ್ಷ, ಕನ್ನಡ ನೆಲದಲ್ಲಿ ನಾಲ್ಕು ದಶಕ

1936ನೇ ಇಸವಿಯಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ಎರಡು ನಗರಗಳಿಂದ, ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಎತ್ತಿದ ಎರಡು ಚಲನಚಿತ್ರಗಳು ಹೊರಬಂದವು. ಮಾಸ್ಕೋದಲ್ಲಿ ತಯಾರಾದ ‘ಸರ್ಕಸ್’, ಕಪ್ಪು ವರ್ಣದ ಮಗುವನ್ನು ಹೆತ್ತ ತಪ್ಪಿಗೆ ಜನರ ಗುಂಪು ಅಟ್ಟಿಸಿಕೊಂಡು ಬಂದಾಗ ಅಮೆರಿಕ ಬಿಟ್ಟು ಓಡಿದ ಬಿಳಿಯ ಕಲಾವಿದೆಯೊಬ್ಬಳು ಸೋವಿಯತ್ ನೆಲದಲ್ಲಿ ಆಸರೆ ಕಂಡುಕೊಳ್ಳುವ ಕಥೆಯಾದರೆ, ಮುಂಬಯಿಯ ಮಲಾಡ್‌ನಲ್ಲಿ ತಯಾರಾದ ‘ಅಛೂತ್ ಕನ್ಯಾ’, ಬ್ರಾಹ್ಮಣ ಯುವಕನನ್ನು ಪ್ರೀತಿಸಿದ ಅಸ್ಪೃಶ್ಯ ಹುಡುಗಿಯ ಕಥೆ. ಮೊದಲನೆಯದರ ನಾಯಕಿ ಲ್ಯುಬೋವ್ ಓರ್ಲೋವಾ. ಎರಡನೆಯದರ ನಾಯಕಿ ದೇವಿಕಾ ರಾಣಿ. ಇಬ್ಬರೂ ಚಿತ್ರ ತಯಾರಿಸುವವರನ್ನೇ ಮದುವೆಯಾಗಿದ್ದವರು, ಇಬ್ಬರೂ ತಮ್ಮ ತಮ್ಮ ದೇಶದ ಬೆಳ್ಳಿತೆರೆಯ ಮೊದಲ ಮಹಾತಾರೆಯರೆಂದು ಹೆಸರಾದವರು. ಓರ್ಲೋವಾಗೆ 1941ರಲ್ಲಿ ಸ್ಟಾಲಿನ್ ಪ್ರಶಸ್ತಿ ಬಂತು, 1975ರಲ್ಲಿ ತೀರಿಕೊಳ್ಳುವವರೆಗೂ ಆಕೆ ಅಭಿನಯದ ಲೋಕ ಬಿಡಲಿಲ್ಲ. ದೇವಿಕಾ ರಾಣಿಯವರಾದರೋ ಕೀರ್ತಿಯ ನಡುವೆಯೇ ಬಣ್ಣ ಕಳಚಿಟ್ಟು, ರಷ್ಯಾದಲ್ಲಿ ಹುಟ್ಟಿದ ಚಿತ್ರಕಾರನೊಬ್ಬನ ಕೈ ಹಿಡಿದು, ಬದುಕಿನ ಉಳಿದ ಬಹುಭಾಗವನ್ನು ಬೆಂಗಳೂರಿನ ಕನಕಪುರ ರಸ್ತೆಯ ತಾತಗುಣಿಯಲ್ಲಿ ಕಳೆದರು. ಹಿಂದಿ ಚಿತ್ರರಂಗದ ಚರಿತ್ರೆಗಳು ಆಕೆಯ ಕಥೆಯನ್ನು 1945ಕ್ಕೆ ಮುಗಿಸಿಬಿಡುತ್ತವೆ. ಕರ್ನಾಟಕದಲ್ಲಿ ಆ ಹೆಸರು ಉಳಿದಿರುವುದು ಮುಖ್ಯವಾಗಿ ಒಂದು ಜಮೀನು ವ್ಯಾಜ್ಯದ ಜೊತೆಗೆ. ಎರಡೂ ಆಕೆಗೆ ಸಲ್ಲಬೇಕಾದ ನ್ಯಾಯವಲ್ಲ.

ದೇವಿಕಾ ರಾಣಿ ಚೌಧುರಿ 1908ರ ಮಾರ್ಚ್ 30ರಂದು ಇಂದಿನ ವಿಶಾಖಪಟ್ಟಣಕ್ಕೆ ಸೇರಿದ ವಾಲ್ಟೇರಿನಲ್ಲಿ ಜನಿಸಿದರು. ತಂದೆ ಮನ್ಮಥನಾಥ ಚೌಧುರಿ ಮದ್ರಾಸ್ ಪ್ರಾಂತದ ಸರ್ಜನ್ ಜನರಲ್, ಅಂದರೆ ಪ್ರಾಂತದ ವೈದ್ಯಾಡಳಿತದ ಮುಖ್ಯಸ್ಥರ ಹುದ್ದೆಗೆ ಏರಿದ ಮೊದಲ ಭಾರತೀಯ. ಕುಟುಂಬಕ್ಕೆ ರವೀಂದ್ರನಾಥ ಠಾಕೂರರ ಮನೆತನದೊಂದಿಗೆ ನೆಂಟಸ್ತಿಕೆಯಿತ್ತು. ಬಾಲ್ಯದಲ್ಲೇ ಇಂಗ್ಲೆಂಡಿನ ವಸತಿಶಾಲೆಗೆ ಹೋದ ಆಕೆ ಮುಂದೆ ಲಂಡನ್ನಿನಲ್ಲಿ ನಾಟಕ ಮತ್ತು ಸಂಗೀತದ ಜೊತೆಗೆ ಜವಳಿ ವಿನ್ಯಾಸವನ್ನೂ ಕಲಿತರು. 1928ರಲ್ಲಿ ಅಲ್ಲಿಯೇ ಹಿಮಾಂಶು ರಾಯ್ ಪರಿಚಯವಾಗಿ, ಅವರ ‘ಪ್ರಪಂಚ ಪಾಶ್’ ಎಂಬ ಮೂಕಿ ಚಿತ್ರಕ್ಕೆ ಉಡುಪು ಮತ್ತು ರಂಗಸಜ್ಜಿಕೆಯ ಕೆಲಸದಲ್ಲಿ ನೆರವಾದರು, ಮರುವರ್ಷ ಮದುವೆಯಾಯಿತು. ಬಳಿಕ ದಂಪತಿ ಜರ್ಮನಿಯ ಹೆಸರಾಂತ ಉಫಾ ಸ್ಟುಡಿಯೋದಲ್ಲಿ ಚಿತ್ರನಿರ್ಮಾಣದ ಒಳಹೊರಗನ್ನು ಅಭ್ಯಾಸ ಮಾಡಿದರು. ನಾಟಕ ಕಂಪನಿಯಿಂದಲೋ ಗಾಯನದ ಮನೆತನದಿಂದಲೋ ನಟಿಯರು ಚಿತ್ರರಂಗಕ್ಕೆ ಬರುತ್ತಿದ್ದ, ‘ಮರ್ಯಾದಸ್ಥ’ರ ಮನೆಯ ಹೆಣ್ಣುಮಕ್ಕಳು ಸ್ಟುಡಿಯೋ ಬಾಗಿಲು ತುಳಿಯಬಾರದೆಂಬ ಕಟ್ಟುಪಾಡಿದ್ದ ಕಾಲದಲ್ಲಿ, ಕ್ಯಾಮೆರಾದ ಹಿಂದಿನ ಕಸುಬನ್ನು ಮೊದಲು ಕಲಿತು ಆಮೇಲೆ ಅದರ ಮುಂದೆ ನಿಂತ ನಟಿ ಆಕೆ. ಮುಂದಿನ ಜೀವನವನ್ನು ಅರಿಯಲು ಇದು ಮುಖ್ಯ.

ಮೊದಲ ಚಿತ್ರ ‘ಕರ್ಮ’ 1933ರಲ್ಲಿ ಲಂಡನ್ನಿನಲ್ಲಿ ತೆರೆ ಕಂಡಿತು. ಅದರಲ್ಲಿನ ಚುಂಬನದ ದೃಶ್ಯದ ಬಗ್ಗೆ ಬರೆದಷ್ಟು ಪುಟಗಳನ್ನು ಆಕೆಯ ಉಳಿದ ಚಿತ್ರಗಳೆಲ್ಲದರ ಬಗ್ಗೆ ಯಾರೂ ಬರೆದಿರಲಾರರು. ಇಲ್ಲಿ ಅದಕ್ಕೆ ಒಂದು ಸಾಲು ಸಾಕು.

1934ರಲ್ಲಿ ಹಿಮಾಂಶು ರಾಯ್ ಮತ್ತು ದೇವಿಕಾ ರಾಣಿ ಮಲಾಡ್‌ನಲ್ಲಿ ಕಟ್ಟಿದ ಬಾಂಬೆ ಟಾಕೀಸ್, ಷೇರುದಾರರ ಹಣದಿಂದ ನಡೆಯುವ ಲಿಮಿಟೆಡ್ ಕಂಪನಿಯಾಗಿತ್ತು. ಸೋವಿಯತ್ ಒಕ್ಕೂಟದಲ್ಲಿ ಸ್ಟುಡಿಯೋ, ಫಿಲಂ, ಚಿತ್ರಮಂದಿರ ಎಲ್ಲವೂ ಸರ್ಕಾರದ ಸ್ವತ್ತು. ಮುಂಬಯಿಯಲ್ಲಾದರೆ ಕಂಪನಿಯೇ ತಿಂಗಳ ಸಂಬಳ ಕೊಟ್ಟು ನಟರು, ಲೇಖಕರು, ತಂತ್ರಜ್ಞರನ್ನು ಇಟ್ಟುಕೊಂಡು, ವರ್ಷಕ್ಕೆ ಇಂತಿಷ್ಟು ಚಿತ್ರಗಳೆಂದು ಲೆಕ್ಕ ಹಾಕಿ ತಯಾರಿಸುವ ವ್ಯವಸ್ಥೆ. ನಿರ್ದೇಶಕ ಫ್ರಾಂಜ್ ಓಸ್ಟೆನ್, ಛಾಯಾಗ್ರಾಹಕ ಯೋಸೆಫ್ ವಿರ್ಶಿಂಗ್ ಮೊದಲಾದವರು ಜರ್ಮನಿಯಿಂದ ಬಂದವರು. ಕಥೆಗಾರ ನಿರಂಜನ ಪಾಲ್ ಬಂಗಾಳಿ. ಸರಸ್ವತಿ ದೇವಿ ಎಂಬ ಹೆಸರಿನಲ್ಲಿ ಸಂಗೀತ ನೀಡಿದ ಖುರ್ಷೀದ್ ಹೋಮ್ಜಿ ಪಾರ್ಸಿ ಮಹಿಳೆ. ಇದೇ ಸಂಸ್ಥೆಯಲ್ಲಿ ಮುಂದೆ ‘ಕಂಗನ್’, ‘ಬಂಧನ್’, ‘ಝೂಲಾ’ ಚಿತ್ರಗಳಿಂದ ಹೆಸರಾದ ಲೀಲಾ ಚಿಟ್ನಿಸ್ ಹುಟ್ಟಿದ್ದು ಧಾರವಾಡದಲ್ಲಿ ಎಂಬುದನ್ನು ಕನ್ನಡ ಓದುಗರು ನೆನಪಿಟ್ಟುಕೊಳ್ಳಬಹುದು.

ಸಂಸಾರ ಮತ್ತು ಕಂಪನಿ ಎರಡೂ ಒಂದೇ ಸೂರಿನಡಿ ಇದ್ದುದರಿಂದ ಒಂದರ ಬಿರುಕು ಮತ್ತೊಂದಕ್ಕೆ ತಗುಲದೆ ಇರಲಿಲ್ಲ. ‘ಜೀವನ್ ನಯ್ಯಾ’ ಚಿತ್ರೀಕರಣದ ಹೊತ್ತಿಗೆ ದೇವಿಕಾ ರಾಣಿ ಜೊತೆನಟ ನಜ್ಮುಲ್ ಹಸನ್‌ರೊಂದಿಗೆ ಮನೆ ಬಿಟ್ಟು ಹೋಗಿ, ಸ್ಟುಡಿಯೋದ ಸಹೋದ್ಯೋಗಿ ಶಶಧರ್ ಮುಖರ್ಜಿಯವರ ಸಂಧಾನದಿಂದ ಮರಳಿದರು. ನಜ್ಮುಲ್ ಹಸನ್ ಕೆಲಸ ಕಳೆದುಕೊಂಡರು. ತೆರವಾದ ಜಾಗಕ್ಕೆ ಸ್ಟುಡಿಯೋದ ಲ್ಯಾಬೊರೇಟರಿಯಲ್ಲಿದ್ದ, ನಟನೆಯ ಆಸೆಯೇ ಇಲ್ಲದಿದ್ದ ಯುವಕನೊಬ್ಬನನ್ನು ತಂದು ನಿಲ್ಲಿಸಲಾಯಿತು. ಆತನೇ ಅಶೋಕ್ ಕುಮಾರ್.

ಅದೇ ಜೋಡಿಯ ‘ಅಛೂತ್ ಕನ್ಯಾ’ವನ್ನು ಹತ್ತಿರದಿಂದ ನೋಡುವುದು ಒಳ್ಳೆಯದು, ಏಕೆಂದರೆ ದೇವಿಕಾ ರಾಣಿಯವರ ಶಕ್ತಿ ಮತ್ತು ಮಿತಿ ಎರಡೂ ಅದರಲ್ಲಿವೆ. ಕಥೆಯ ಆಗುಹೋಗುಗಳ ಕೇಂದ್ರ ಒಂದು ಹಳ್ಳಿಯ ರೈಲ್ವೆ ಗೇಟು. ಯಲಹಂಕದಿಂದ ಬಂಗಾರಪೇಟೆಯವರೆಗೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿಗಳನ್ನು ಹಾದು 1910ರ ದಶಕದಿಂದಲೂ ನ್ಯಾರೋಗೇಜ್ ರೈಲು ಓಡಿದ ಸೀಮೆಯವರಿಗೆ ಗೇಟು, ಗೇಟ್‌ಮನ್ ಮತ್ತು ಹಳಿಯ ಪಕ್ಕದ ಅವನ ಮನೆ ವಿವರಿಸಿ ಹೇಳಬೇಕಾದ ಸಂಗತಿಗಳಲ್ಲ. ಚಿತ್ರದ ಗೇಟ್‌ಮನ್ ದುಖಿಯಾ ಅಸ್ಪೃಶ್ಯ. ಹಾವು ಕಚ್ಚಿದ ಬ್ರಾಹ್ಮಣ ವ್ಯಾಪಾರಿ ಮೋಹನನ ಗಾಯದಿಂದ ವಿಷ ಹೀರಿ ಜೀವ ಉಳಿಸಿದವನು. ದುಖಿಯಾನ ಮಗಳು ಕಸ್ತೂರಿ, ಮೋಹನನ ಮಗ ಪ್ರತಾಪ. ಕಾಯಿಲೆ ಬಿದ್ದ ದುಖಿಯಾನನ್ನು ಮೋಹನ ಮನೆಯೊಳಗೆ ಕರೆತಂದಾಗ ಊರವರು ತಿರುಗಿ ಬೀಳುತ್ತಾರೆ; ಮಕ್ಕಳಿಬ್ಬರಿಗೂ ಬೇರೆ ಬೇರೆ ಕಡೆ ಮದುವೆಯಾಗುತ್ತದೆ; ಕೊನೆಗೆ ಸಂಶಯದ ಕಿಚ್ಚಿಗೆ ಸಿಕ್ಕ ಕಸ್ತೂರಿಯ ಗಂಡ ಮತ್ತು ಪ್ರತಾಪ ಹಳಿಯ ಮೇಲೆ ಹೊಡೆದಾಡುತ್ತಿರುವಾಗ, ಬರುತ್ತಿರುವ ರೈಲನ್ನು ತಡೆಯಲು ಎದುರು ಓಡಿದ ಕಸ್ತೂರಿ ಅದರಡಿ ಸಿಕ್ಕಿ ಸಾಯುತ್ತಾಳೆ.

ಹುಬ್ಬು ತಿದ್ದಿ, ನಯವಾದ ಉಚ್ಚಾರದಲ್ಲಿ ಮಾತನಾಡುವ ಈ ಕಸ್ತೂರಿ ಹಳ್ಳಿಯ ಗೇಟ್‌ಮನ್ ಮಗಳಂತೆ ಕಾಣುವುದಿಲ್ಲ ಎಂಬ ಆಕ್ಷೇಪ ನಿಜ. ಹಿನ್ನೆಲೆ ಗಾಯನ, ಅಂದರೆ ಬೇರೆಯವರು ಹಾಡಿದ್ದಕ್ಕೆ ನಟರು ತುಟಿ ಆಡಿಸುವ ಪದ್ಧತಿ ಇನ್ನೂ ಬೇರೂರಿರದ ಕಾಲವಾದ್ದರಿಂದ ಇಬ್ಬರೂ ತಾವೇ ಹಾಡಿದ ಯುಗಳಗೀತೆಯಲ್ಲಿ ಪಳಗಿದ ಕಂಠವೂ ಇಲ್ಲ. ಆದರೆ ಮಾತಿಲ್ಲದ ಕ್ಷಣಗಳಲ್ಲಿ, ಕಣ್ಣನ್ನು ಮಾತ್ರ ಹೊರಳಿಸಿ ಮುಂದಿನ ಮಾತನ್ನು ನುಂಗಿಕೊಳ್ಳುವಲ್ಲಿ, ಆಕೆ ರಂಗಭೂಮಿಯ ಅಬ್ಬರದಿಂದ ಸಿನಿಮಾವನ್ನು ಬಿಡಿಸಿದ ಮೊದಲಿಗರಲ್ಲಿ ಒಬ್ಬರೆಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಥೆಯ ಮಿತಿ ಇನ್ನೊಂದು ಬಗೆಯದು: ಜಾತಿಯ ಗೋಡೆಯನ್ನು ತೋರಿಸುವ ಧೈರ್ಯವಿರುವ ಚಿತ್ರಕ್ಕೆ ಅದನ್ನು ದಾಟಿಸುವ ಧೈರ್ಯವಿಲ್ಲ, ಹುಡುಗಿಯ ಸಾವೇ ಅದಕ್ಕೆ ಪರಿಹಾರ. ಓರ್ಲೋವಾರ ‘ಸರ್ಕಸ್’ ಗೋಡೆಯನ್ನು ದಾಟಿಸುತ್ತದೆ. ಅದರ ಕೊನೆಯಲ್ಲಿ ಬೇರೆ ಬೇರೆ ಜನಾಂಗದ ಪ್ರೇಕ್ಷಕರು ಆ ಮಗುವನ್ನು ಕೈಯಿಂದ ಕೈಗೆ ಎತ್ತಿಕೊಂಡು ತಮ್ಮ ತಮ್ಮ ಭಾಷೆಯಲ್ಲಿ ಜೋಗುಳ ಹಾಡುತ್ತಾರೆ. ಆದರೆ ಯಿಡ್ಡಿಷ್ ಎಂಬ ಯಹೂದಿಗಳ ಆಡುನುಡಿಯಲ್ಲಿ ಒಂದು ನುಡಿ ಹಾಡಿದ್ದ ನಟ ಸೊಲೊಮನ್ ಮಿಖೋಯೆಲ್ಸ್ 1948ರಲ್ಲಿ ಸ್ಟಾಲಿನ್ ಆಡಳಿತದ ಕೈಯಲ್ಲೇ ಕೊಲೆಯಾದ ನಂತರ, ಆ ತುಣುಕನ್ನು ಚಿತ್ರದಿಂದಲೇ ಕತ್ತರಿಸಲಾಯಿತು. ಸರ್ಕಾರಿ ಸಿನಿಮಾದ ಔದಾರ್ಯಕ್ಕೆ ಸರ್ಕಾರದ ಕತ್ತರಿಯೂ ಅಂಟಿಕೊಂಡೇ ಇತ್ತು.

1939ರಲ್ಲಿ ಮಹಾಯುದ್ಧ ಶುರುವಾಗುತ್ತಲೇ ಜರ್ಮನ್ ತಂತ್ರಜ್ಞರನ್ನು ಬ್ರಿಟಿಷ್ ಸರ್ಕಾರ ಬಂಧನದಲ್ಲಿಟ್ಟಿತು. 1940ರಲ್ಲಿ ಹಿಮಾಂಶು ರಾಯ್ ತೀರಿಕೊಂಡರು. ಮೂವತ್ತೆರಡರ ವಯಸ್ಸಿನಲ್ಲಿ ವಿಧವೆಯಾದ ದೇವಿಕಾ ರಾಣಿ ಇಡೀ ಸ್ಟುಡಿಯೋದ ಹೊಣೆ ಹೊತ್ತರು. ಕಂಪನಿಯೊಳಗೆ ಎರಡು ಬಣಗಳ ಜಗಳ ನಡೆಯುತ್ತಿದ್ದಾಗಲೇ 1943ರಲ್ಲಿ ‘ಕಿಸ್ಮತ್’ ಬಂದು, ಕಲ್ಕತ್ತೆಯ ಒಂದೇ ಚಿತ್ರಮಂದಿರದಲ್ಲಿ ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಅದೇ ವರ್ಷ ಶಶಧರ್ ಮುಖರ್ಜಿ, ಅಶೋಕ್ ಕುಮಾರ್ ಮೊದಲಾದವರು ಹೊರನಡೆದು ಫಿಲ್ಮಿಸ್ತಾನ್ ಕಟ್ಟಿದರು. ಆಕೆಯ ಕೊನೆಯ ಚಿತ್ರ ‘ಹಮಾರೀ ಬಾತ್’ ಕೂಡ ಅದೇ ವರ್ಷದ್ದು. ಆಮೇಲೂ ಕೈಚೆಲ್ಲದೆ, ಯೂಸುಫ್ ಖಾನ್ ಎಂಬ ಹೊಸ ಹುಡುಗನನ್ನು ಕೆಲಸಕ್ಕೆ ತೆಗೆದುಕೊಂಡು, ದಿಲೀಪ್ ಕುಮಾರ್ ಎಂದು ಹೆಸರಿಟ್ಟು, 1944ರ ‘ಜ್ವಾರ್ ಭಾಟಾ’ದಲ್ಲಿ ತೆರೆಗೆ ತಂದರು. ಆಕೆಯ ಅಭಿನಯಕ್ಕಿಂತ ಆಳಿಕೆಯ ಈ ಐದು ವರ್ಷಗಳೇ ಭಾರತೀಯ ಸಿನಿಮಾದ ಮೇಲೆ ಹೆಚ್ಚು ಗುರುತು ಬಿಟ್ಟಿವೆ ಎನ್ನಬೇಕು.

1945ರಲ್ಲಿ ತಮ್ಮ ಷೇರುಗಳನ್ನು ಮಾರಿ, ಸ್ವೆತೊಸ್ಲಾವ್ ರೋರಿಕ್‌ರನ್ನು ವರಿಸಿದರು. 1904ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಹುಟ್ಟಿದ ಸ್ವೆತೊಸ್ಲಾವ್, ಹಿಮಾಲಯದ ಚಿತ್ರಗಳಿಗೆ ಹೆಸರಾದ ನಿಕೊಲಾಯ್ ರೋರಿಕ್‌ರ ಮಗ. ಕುಟುಂಬ ಕುಲ್ಲು ಕಣಿವೆಯ ನಗ್ಗರ್‌ನಲ್ಲಿ ನೆಲೆಸಿತ್ತು. ಕೆಲವು ವರ್ಷಗಳ ಬಳಿಕ ದಂಪತಿ ಬೆಂಗಳೂರಿಗೆ ಬಂದು, ತಾತಗುಣಿಯಲ್ಲಿ 450 ಎಕರೆಗೂ ಹೆಚ್ಚು ವಿಸ್ತಾರದ ತೋಟ ಮಾಡಿ ಲಿನಾಲೋ ಬೆಳೆಸಿದರು. ಮೆಕ್ಸಿಕೋ ಮೂಲದ ಈ ಮರದ ಕಾಯಿಯ ಸಿಪ್ಪೆಯನ್ನು ಭಟ್ಟಿ ಇಳಿಸಿದರೆ ಬರುವ ಎಣ್ಣೆ, ಸಾಬೂನು ಮತ್ತು ಅತ್ತರಿನ ಕಸುಬಿನಲ್ಲಿ ಬೆಲೆಯುಳ್ಳದ್ದು.

ತೋಟ ಸೇರಿದ ಮೇಲೆ ಆಕೆ ಲೋಕವನ್ನು ಬಿಟ್ಟರೆಂಬ ಮಾತು ಪೂರ್ತಿ ಸರಿಯಲ್ಲ. 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ದೆಹಲಿಯಲ್ಲಿ ನಡೆಸಿದ ಚಲನಚಿತ್ರ ವಿಚಾರ ಸಂಕಿರಣದ ಸಾರಥ್ಯ ಆಕೆಯದು. 1958ರಲ್ಲಿ ಪದ್ಮಶ್ರೀ, 1969ರ ಸಾಲಿನಲ್ಲಿ ಆಗಷ್ಟೇ ಸ್ಥಾಪನೆಯಾದ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿಯ ಮೊದಲ ಗೌರವ ಬಂದವು. 1960ರಲ್ಲಿ ಸ್ವೆತೊಸ್ಲಾವ್‌ರ ಚಿತ್ರಗಳು ಮಾಸ್ಕೋ, ಲೆನಿನ್‌ಗ್ರಾಡ್‌ಗಳಲ್ಲಿ ಪ್ರದರ್ಶನಗೊಂಡ ನಂತರ ರಷ್ಯಾದೊಂದಿಗಿನ ನಂಟು ಗಟ್ಟಿಯಾಗಿ, 1987ರಲ್ಲಿ ದಂಪತಿ ಮಾಸ್ಕೋದಲ್ಲಿ ಗೋರ್ಬಚೆವ್ ಅವರನ್ನು ಭೇಟಿಯಾದರು. 1990ರಲ್ಲಿ ದೇವಿಕಾ ರಾಣಿಯವರಿಗೆ ಸೋವಿಯತ್ ಲ್ಯಾಂಡ್ ನೆಹರೂ ಪ್ರಶಸ್ತಿ ಸಂದಿತು. ಬೆಂಗಳೂರಿನಲ್ಲಿ ಕರ್ನಾಟಕ ಚಿತ್ರಕಲಾ ಪರಿಷತ್ತು ಬೆಳೆದುದರ ಹಿಂದೆ ರೋರಿಕ್‌ರ ಒತ್ತಾಸೆ ಇತ್ತು, ಅವರು ಕೊಟ್ಟ ಚಿತ್ರಗಳು ಇಂದಿಗೂ ಅಲ್ಲಿವೆ.

ಮಕ್ಕಳಿಲ್ಲದ ದಂಪತಿ ಮುಪ್ಪಿನಲ್ಲಿ ನಗರದ ಹೋಟೆಲೊಂದರಲ್ಲಿ ಉಳಿದರು. 1993ರ ಜನವರಿ 30ರಂದು ಸ್ವೆತೊಸ್ಲಾವ್, 1994ರ ಮಾರ್ಚ್ 9ರಂದು ದೇವಿಕಾ ರಾಣಿ ನಿಧನರಾದರು. ಆಕೆ ಸಾಯುವ ಹಿಂದಿನ ದಿನ, ಮಾರ್ಚ್ 8ರಂದು, ಭೂಸುಧಾರಣಾ ಕಾಯಿದೆಯಡಿ ಲಿನಾಲೋ ಬೆಳೆಯುವ ಜಮೀನಿಗೆ ಇದ್ದ ವಿನಾಯಿತಿಯನ್ನು ಸರ್ಕಾರ ಹಿಂತೆಗೆದುಕೊಂಡ ಅಧಿಸೂಚನೆ ಹೊರಬಿದ್ದಿತ್ತು. ತೋಟದ ಭಾಗವೊಂದನ್ನು ತಾನು ಕೊಂಡಿರುವುದಾಗಿ ಖಾಸಗಿ ಕಂಪನಿಯೊಂದು ಹಕ್ಕು ಹೂಡಿತು. 1996ರಲ್ಲಿ ರಾಜ್ಯ ಸರ್ಕಾರ ಪ್ರತ್ಯೇಕ ಕಾನೂನು ಮಾಡಿ ಎಸ್ಟೇಟನ್ನು ವಶಪಡಿಸಿಕೊಂಡಿತು. 2011ರ ಆಗಸ್ಟ್ 9ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ಆ ಕಾನೂನನ್ನು ಎತ್ತಿಹಿಡಿಯಿತು. ಕಾನೂನಿನ ಅಧಿಕಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುವ ಸಂವಿಧಾನದ 300ಎ ವಿಧಿಯ ಚರ್ಚೆಯಲ್ಲಿ ಆ ತೀರ್ಪನ್ನು ಇಂದಿಗೂ ಉಲ್ಲೇಖಿಸುತ್ತಾರೆ. ಹೀಗಾಗಿ ಕಾನೂನು ವಿದ್ಯಾರ್ಥಿಗಳು ದೇವಿಕಾ ರಾಣಿಯ ಹೆಸರನ್ನು ಬಲ್ಲರು, ಆಕೆಯ ಚಿತ್ರವನ್ನು ನೋಡಿರುವುದಿಲ್ಲ. ಕಲಾ ಗ್ಯಾಲರಿ ಮತ್ತು ವಸ್ತುಸಂಗ್ರಹಾಲಯ ಮಾಡುವುದು ಆ ಕಾನೂನಿನ ಉದ್ದೇಶಗಳಲ್ಲೊಂದು. ಜಮೀನು ಉಳಿಸಿಕೊಳ್ಳುವಲ್ಲಿ ಸರ್ಕಾರ ತೋರಿದ ಹಟದ ಅರ್ಧದಷ್ಟನ್ನು ನಟಿಯ ನೆನಪು ಉಳಿಸುವುದಕ್ಕೂ ತೋರಬೇಕಿತ್ತು.

ಅದಕ್ಕೆ ಕಾಯಬೇಕಾದ ಅಗತ್ಯವೂ ಇಲ್ಲ. ಭಾರತದ ಕಾನೂನಿನಲ್ಲಿ ಚಲನಚಿತ್ರದ ಹಕ್ಕುಸ್ವಾಮ್ಯ ಬಿಡುಗಡೆಯ ಮರುವರ್ಷದಿಂದ 60 ವರ್ಷ ಮಾತ್ರ. ‘ಅಛೂತ್ ಕನ್ಯಾ’ದ ಅವಧಿ ಎಂದೋ ಮುಗಿದಿದೆ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಟಾಕೀಸಿನಲ್ಲಿ ಎರಡೂ ಎಂದು ಬೆಳೆದ ಚಿಂತಾಮಣಿ, ಗೌರಿಬಿದನೂರು ಕಡೆಯ ಪ್ರೇಕ್ಷಕರಿಗೆ ಪರಭಾಷೆಯ ನಟಿ ಪರಕೀಯಳಾಗಬೇಕಿಲ್ಲ. ಈ ತಾಲ್ಲೂಕುಗಳ ಕಾಲೇಜುಗಳು ಒಂದು ಮಧ್ಯಾಹ್ನ ಬಿಡುವು ಮಾಡಿಕೊಂಡು ಆ ಚಿತ್ರವನ್ನು ವಿದ್ಯಾರ್ಥಿಗಳಿಗೆ ತೋರಿಸಲಿ. ರೋರಿಕ್‌ರ ಚಿತ್ರಗಳನ್ನು ಕಾಣಬೇಕೆನ್ನುವವರು ಬಳ್ಳಾರಿ ರಸ್ತೆಯಲ್ಲಿ ಬೆಂಗಳೂರಿಗೆ ಹೋದಾಗ ಮೆಜೆಸ್ಟಿಕ್ ತಲುಪುವ ಮೊದಲೇ ಇಳಿದು ಕುಮಾರಕೃಪ ರಸ್ತೆಯ ಚಿತ್ರಕಲಾ ಪರಿಷತ್ತಿಗೆ ಹೋಗಬಹುದು.